ವಯಸ್ಸಿನ ಪುರಾವೆ ಮತ್ತು ಹೆತ್ತವರ ಹೊಣೆ

ಪರರ ಮನೆಯನ್ನು ಪ್ರವೇಶಿಸುವ ಮುನ್ನ ಅನುಮತಿ ಪಡೆಯಬೇಕೆಂದು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವು ಕಲಿಸುತ್ತದೆ. ಪ್ರಾಯಕ್ಕೆ ಬಾರದ ಮಕ್ಕಳೂ ದಿನದ ಮೂರು ಹೊತ್ತು ಹಿರಿಯರ ಕೋಣೆಗೆ ಕೇಳಿಯೇ ಬರಬೇಕು. ಪ್ರಾಯಕ್ಕೆ ಬಂದವರಾದರೆ ಯಾವಾಗಲೂ ಕೇಳಬೇಕು. ವಯಸ್ಸಿಗೆ ತಕ್ಕ ಕಟ್ಟಳೆಯೂ ಖಾಸಗಿತನದ ಗೌರವವೂ ಜೊತೆಯಾಗಿ ಸಾಗಬೇಕೆಂಬುದು ಇದರ ಪಾಠ. ಮೊಬೈಲಿನ ವಿಷಯದಲ್ಲಿಯೂ ಇಂದು ಇದೇ ಪ್ರಶ್ನೆ ಎದುರಾಗಿದೆ.

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಅವರ ಮಾಹಿತಿಯನ್ನು ಬಳಸಲು ಕಂಪೆನಿಗಳು ಹೆತ್ತವರಿಂದ, ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಪಡೆಯಬೇಕು. ಮಕ್ಕಳ ಚಲನವಲನದ ಮೇಲೆ ನಿಗಾ ಇಡುವುದಕ್ಕೂ ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದಕ್ಕೂ ನಿಷೇಧವಿದೆ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು; ಮಕ್ಕಳ ಕುರಿತ ನಿಯಮವು 18 ತಿಂಗಳ ಬಳಿಕ ಜಾರಿಗೆ ಬರುವಂತೆ ಗೊತ್ತುಪಡಿಸಲಾಯಿತು.

ಉದ್ದೇಶ ಒಳ್ಳೆಯದೇ. ಆದರೆ ಮಗು ಯಾರೆಂದು ತಿಳಿಯಬೇಕಾದರೆ ಎಲ್ಲರ ವಯಸ್ಸನ್ನೂ ಕೇಳಬೇಕಾದೀತು. ಅದಕ್ಕಾಗಿ ಗುರುತು ಚೀಟಿಯ ಚಿತ್ರ ಕೇಳಿದರೆ ವಯಸ್ಸಿನೊಂದಿಗೆ ಹೆಸರು, ವಿಳಾಸ, ಭಾವಚಿತ್ರಗಳೂ ಬೇರೆಯವರ ಕೈಸೇರುತ್ತವೆ. ಡಿಸ್ಕಾರ್ಡ್ ಕಂಪೆನಿಗಾಗಿ ಕೆಲಸ ಮಾಡುತ್ತಿದ್ದ ಇನ್ನೊಂದು ಸಂಸ್ಥೆಯಿಂದ, ವಯಸ್ಸಿನ ತಕರಾರುಗಳಿಗೆಂದು ಪಡೆದಿದ್ದ ಸುಮಾರು 70,000 ಮಂದಿಯ ಗುರುತು ಚೀಟಿಯ ಚಿತ್ರಗಳು ಸೋರಿಹೋಗಿರಬಹುದೆಂದು 2025ರ ಅಕ್ಟೋಬರ್‌ನಲ್ಲಿ ಬಹಿರಂಗವಾಯಿತು. ರಕ್ಷಣೆಗೆಂದು ಪಡೆದ ಅಮಾನತ್ತೇ ಹಾನಿಗೆ ದಾರಿಯಾಯಿತು!

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಡಿಜಿಲಾಕರ್‌ನಂತಹ ವ್ಯವಸ್ಥೆಯ ಮೂಲಕ ದೊರೆಯುವ ಟೋಕನ್‌ನಿಂದ ವಯಸ್ಸನ್ನು ಖಚಿತಪಡಿಸಲು ನಿಯಮಗಳಲ್ಲಿ ಅವಕಾಶವಿದೆ. ಕೇಳಬೇಕಾದಷ್ಟನ್ನೇ ಕೇಳುವುದು ನ್ಯಾಯ. ಅದಕ್ಕಿಂತ ಹೆಚ್ಚು ಕೇಳುವುದು ಅತಿಕ್ರಮ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸಾರಿತು. ಆಧಾರ್‌ನ್ನು ಪ್ರಶ್ನಿಸಿ ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಆದರೆ ಕಾನೂನು ಎಷ್ಟೇ ಬಿಗಿಯಾಗಿದ್ದರೂ ಮನೆಯ ಬಾಗಿಲಲ್ಲಿ ನಿಲ್ಲುತ್ತದೆ. ಮಾಕಳಿ, ಪೀಣ್ಯದಂತಹ ಕಡೆ ತಂದೆ ಪಾಳಿಯ ಕೆಲಸ ಮುಗಿಸಿ ಮಲಗಿರುವಾಗ, ಅವರ ಫೋನಿಗೆ ಬಂದ ಒ.ಟಿ.ಪಿ.ಯನ್ನು ಮಗನೇ ಒತ್ತಿದರೆ ಅದು ಯಾರ ಒಪ್ಪಿಗೆ? ಕಾಗದದ ಮೇಲೆ ತಂದೆಯದು. ವಾಸ್ತವದಲ್ಲಿ ಯಾರದೂ ಅಲ್ಲ. ಮಗುವಿನ ಹುಟ್ಟಿದ ವರ್ಷವನ್ನು ಹಿರಿಯರೇ ತಪ್ಪಾಗಿ ಬರೆದುಕೊಟ್ಟರಂತೂ ಅದು ಮಗುವಿಗೆ ಸುಳ್ಳಿನ ಮೊದಲ ಪಾಠ. ಮಾತ್ರವಲ್ಲ, ಆ ಮಗುವಿಗೆ ಕಾಯ್ದೆಯ ರಕ್ಷಣೆಯೂ ತಪ್ಪಿಹೋಗುತ್ತದೆ.

ಆದುದರಿಂದ ಹೆತ್ತವರು ಒಪ್ಪಿಗೆ ನೀಡುವ ಮುನ್ನ ಮಗುವಿನೊಂದಿಗೆ ಕುಳಿತು, ಏನನ್ನು ಕೇಳುತ್ತಿದ್ದಾರೆ, ಏಕೆ ಎಂಬುದನ್ನು ಓದಲಿ. ಆಧಾರ್ ಪ್ರತಿ ಕೊಡಲೇಬೇಕಾದರೆ, ಕೊನೆಯ 4 ಅಂಕಿಗಳಷ್ಟೇ ಕಾಣುವ ಪ್ರತಿಯನ್ನು ಕೊಡಲಿ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕನ್ನೂ ಕಾಯ್ದೆ ನೀಡಿದೆಯೆಂಬುದನ್ನು ಮರೆಯದಿರಲಿ. ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಆ ಹೊಣೆಯನ್ನು ಯಾವ ತಂತ್ರಾಂಶಕ್ಕೂ ವಹಿಸಿಕೊಡಲಾಗದು.