201 ಅಂಕಿಯ ಲೆಕ್ಕ ಕಲಿಸುವ ಆರು ಸೂತ್ರಗಳು

1977ರಲ್ಲಿ ಟೆಕ್ಸಾಸ್‌ನ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಬೆಂಗಳೂರಿನ ಶಕುಂತಲಾ ದೇವಿಯವರ ಮುಂದೆ 201 ಅಂಕಿಗಳ ಸಂಖ್ಯೆಯೊಂದನ್ನು ಇಟ್ಟರು. ಅದರ 23ನೇ ಮೂಲ ಹೇಳಬೇಕಿತ್ತು. 50 ಸೆಕೆಂಡಿನಲ್ಲಿ ಉತ್ತರ ಬಂತು: 54,63,72,891. ಯೂನಿವ್ಯಾಕ್ ಕಂಪ್ಯೂಟರ್ 62 ಸೆಕೆಂಡು ತೆಗೆದುಕೊಂಡಿತು. ಆ ವೇಗ ನಮಗೆ ದಕ್ಕದಿರಬಹುದು. ಆದರೆ ಆ ಸಂಖ್ಯೆಯೊಳಗಿನ ಸುಳಿವುಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಎಲ್ಲರಿಗೂ ದಕ್ಕುತ್ತವೆ.

1. ಉದ್ದ ನೋಡಿ ಎದೆಗುಂದಬೇಡಿ. ಇದೇ ಸಂಖ್ಯೆಯ ವರ್ಗಮೂಲ ಕೇಳಿದ್ದರೆ ಉತ್ತರದ ಪೂರ್ಣಾಂಕ ಭಾಗವೇ 101 ಅಂಕಿ. 23ನೇ ಮೂಲಕ್ಕೆ ಬರೀ ಒಂಬತ್ತು. ಪ್ರಶ್ನೆ ಎಷ್ಟು ದೊಡ್ಡದಿದೆ ಅನ್ನುವುದು ಹಾಗಿರಲಿ, ಉತ್ತರ ಎಷ್ಟು ದೊಡ್ಡದಿರಬಹುದು ಎಂದು ಮೊದಲು ಯೋಚಿಸಿ.

2. ಬೇಲಿ ಹಾಕಿ. 201 ಅಂಕಿಯ ಯಾವ ಸಂಖ್ಯೆಯ 23ನೇ ಮೂಲವಾದರೂ ಸುಮಾರು 49.6 ಕೋಟಿಯಿಂದ 54.9 ಕೋಟಿಯೊಳಗೇ ಇರಬೇಕು. ಅಂಕಿ ಎಣಿಸಿದ್ದಷ್ಟೇ, ಉತ್ತರ 4 ಅಥವಾ 5ರಿಂದ ಶುರುವಾಗುತ್ತದೆಂದು ಗೊತ್ತಾಯಿತು. ಬಹುಆಯ್ಕೆ ಪ್ರಶ್ನೆಯಲ್ಲಿ ಇಷ್ಟರಿಂದಲೇ ಒಂದೆರಡು ಆಯ್ಕೆಗಳು ಬಿದ್ದುಹೋಗಬಹುದು.

3. ಬಾಲ ಹಿಡಿಯಿರಿ. ಆ ಸಂಖ್ಯೆಯ ಕೊನೆಯ ಎರಡು ಅಂಕಿ 71. 1, 3, 7, 9ರಲ್ಲಿ ಕೊನೆಯಾಗುವ ಸಂಖ್ಯೆಗಳ 23ನೇ ಘಾತಕ್ಕೂ ಘನಕ್ಕೂ ಕೊನೆಯ ಎರಡು ಅಂಕಿ ಒಂದೇ. ಹಾಗಾಗಿ ಯಾವ ಎರಡಂಕಿ ಸಂಖ್ಯೆಯ ಘನ 71ರಲ್ಲಿ ಮುಗಿಯುತ್ತದೆಂದು ಹುಡುಕಿದರೆ ಸಾಕು. 91 × 91 × 91 = 7,53,571. ಬೇರೆ ಯಾವುದಕ್ಕೂ ಹೀಗಾಗದು. ಉತ್ತರದ ಕೊನೆ 91 ಎಂಬುದು ಖಚಿತ.

4. ಮಗ್ಗಿ ಬಾಯಲ್ಲಿರಲಿ. ತಲೆ, ಬಾಲ ಸಿಕ್ಕರೂ ನಡುವಿನ ಅಂಕಿಗಳು ಉಳಿದೇ ಉಳಿಯುತ್ತವೆ. ಅಲ್ಲಿ ಅಡ್ಡದಾರಿಯಿಲ್ಲ, ಅಭ್ಯಾಸವೇ ಗತಿ. ಸರ್ಕಸ್ ಕಲಾವಿದರ ಮಗಳಾದ ಶಕುಂತಲಾ ದೇವಿ ಚಿಕ್ಕಂದಿನಿಂದಲೇ ಜನರ ಮುಂದೆ ನಿಂತು ಲೆಕ್ಕ ಮಾಡಿದವರು. ನೀವು ಕನಿಷ್ಠ 30ರವರೆಗೆ ವರ್ಗ, 20ರವರೆಗೆ ಘನ ಕಂಠಪಾಠ ಮಾಡಿ.

5. ತಾಳೆ ನೋಡದೆ ಏಳಬೇಡಿ. ಆ ಉತ್ತರದಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬಂದಿವೆ. ಮೊತ್ತ 45, ಅಂದರೆ 9ರಿಂದ ಭಾಗವಾಗುತ್ತದೆ. ಹಾಗಾದರೆ ಪ್ರಶ್ನೆಯಲ್ಲಿ ಕೊಟ್ಟ ಸಂಖ್ಯೆಯ 201 ಅಂಕಿಗಳ ಮೊತ್ತವೂ 9ರಿಂದ ಭಾಗವಾಗಲೇಬೇಕು. ಆಗದಿದ್ದರೆ ಎಲ್ಲೋ ತಪ್ಪಿದೆ. ಆದರೆ ಎಚ್ಚರ: ಅಂಕಿಗಳು ಹಿಂದುಮುಂದಾದರೆ ಈ ಪರೀಕ್ಷೆಗೆ ಅದು ಗೊತ್ತೇ ಆಗುವುದಿಲ್ಲ.

6. ಬಿಡುವುದನ್ನೂ ಕಲಿಯಿರಿ. ಘಾತಗಳದ್ದೇ ಇನ್ನೊಂದು ಪ್ರಶ್ನೆಯನ್ನು ಡಲ್ಲಾಸ್‌ನ ಬ್ಯಾಂಕರ್ ಆಂಡ್ರ್ಯೂ ಬೀಲ್ 1993ರಲ್ಲಿ ಎತ್ತಿದರು. 27 + 216 = 243 ನೋಡಿ: 3ರ ಘನ, 6ರ ಘನ ಕೂಡಿ 3ರ ಐದನೇ ಘಾತ; 3, 6, 3 ಮೂರನ್ನೂ 3 ಭಾಗಿಸುತ್ತದೆ. ಘಾತಗಳೆಲ್ಲ 2ಕ್ಕಿಂತ ದೊಡ್ಡವಿದ್ದಾಗ ಇಂಥ ಸಾಮಾನ್ಯ ಅಪವರ್ತನ ಯಾವಾಗಲೂ ಇರಲೇಬೇಕೇ? ಬಗೆಹರಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನವಿದೆ; ಇನ್ನೂ ಯಾರಿಗೂ ಸಿಕ್ಕಿಲ್ಲ. ಎಲ್ಲ ಲೆಕ್ಕಗಳೂ 50 ಸೆಕೆಂಡಿಗೆ ಬಗ್ಗುವುದಿಲ್ಲ. ಪರೀಕ್ಷೆಯಲ್ಲಿ ಒಂದು ಪ್ರಶ್ನೆಯ ತಲೆಯೂ ಬಾಲವೂ ಸಿಗದಿದ್ದರೆ ಗುರುತು ಹಾಕಿ ಮುಂದೆ ಹೋಗಿ, ಸಮಯ ಉಳಿದರೆ ತಿರುಗಿ ಬನ್ನಿ.