ಕರಗಿಹೋಗಲೆಂದೇ ಮಾಡಿದ ಚರ್ಮ

ಬಿಸಿ ಬಾಣಲೆ ತಾಗಿ ಬೆರಳು ಸುಟ್ಟರೆ ಕೆಲವೇ ದಿನಗಳಲ್ಲಿ ಹೊಸ ಚರ್ಮ ಬರುತ್ತದೆ. ಸುಟ್ಟದ್ದು ಮೇಲ್ಚರ್ಮ ಮಾತ್ರ, ಅದು ತಾನಾಗಿ ಬೆಳೆಯಬಲ್ಲದು. ಅದರಡಿಯ ದಪ್ಪ ಪದರವಾದ ಒಳಚರ್ಮವೂ ಪೂರ್ತಿ ಸುಟ್ಟರೆ ದೇಹ ಅದನ್ನು ಮತ್ತೆ ಕಟ್ಟಿಕೊಳ್ಳುವುದಿಲ್ಲ. ಗಾಯದ ಅಂಚುಗಳನ್ನು ಒಳಕ್ಕೆಳೆದು, ಗಟ್ಟಿ ಕಲೆಯಿಂದ ಹೇಗೋ ಮುಚ್ಚಿಬಿಡುತ್ತದೆ. ಸುಟ್ಟ ಕತ್ತು, ಮೊಣಕೈಗಳು ಸೆಟೆದುಕೊಳ್ಳುವುದು ಹೀಗೆ. ಗಾಯ ಮುಚ್ಚುವುದು ಬೇರೆ, ಚರ್ಮ ಬೆಳೆಯುವುದು ಬೇರೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ.

ತೊಡೆಯ ಚರ್ಮ ತೆಗೆದು ಕಸಿ ಮಾಡಬಹುದಲ್ಲ ಎನ್ನುತ್ತೀರಿ. ಮಾಡುತ್ತಾರೆ. ಆದರೆ ಮೈಯ ಅರ್ಧಕ್ಕಿಂತ ಹೆಚ್ಚು ಸುಟ್ಟವರಲ್ಲಿ ತೆಗೆಯಲು ಚರ್ಮವೆಲ್ಲಿದೆ? ಅಮೆರಿಕದ ಬಾಸ್ಟನ್ನಿನ ಶಸ್ತ್ರವೈದ್ಯ ಜಾನ್ ಬರ್ಕ್ ಅವರನ್ನು ಕಾಡಿದ್ದು ಇದೇ. ಅಮೆರಿಕದ್ದೇ ತಂತ್ರಜ್ಞಾನ ವಿದ್ಯಾಸಂಸ್ಥೆಯಾದ ಎಂಐಟಿಯ ಪ್ರಾಧ್ಯಾಪಕ ಅಯೋನಿಸ್ ಯಾನಸ್ ಅವರ ಜೊತೆಗೂಡಿ ಅವರು ಎರಡು ಪದರಗಳ ಹಾಳೆಯೊಂದನ್ನು ರೂಪಿಸಿದರು. ಮೇಲೆ, ಮೈಯ ನೀರು ಆರದಂತೆ, ಸೋಂಕು ನುಗ್ಗದಂತೆ ತೆಳು ಸಿಲಿಕೋನ್. ಕೆಳಗೆ, ದನದ ಕೊಲಾಜನ್ ಎಂಬ ಪ್ರೋಟೀನಿಗೆ ಶಾರ್ಕ್ ಮೀನಿನ ಮೃದ್ವಸ್ಥಿಯ ಒಂದು ಅಂಶ ಬೆರೆಸಿದ ಸ್ಪಂಜು. 1981ರಲ್ಲಿ ರೋಗಿಗಳಲ್ಲಿ ಕಂಡ ಫಲಿತಾಂಶ ಪ್ರಕಟವಾಯಿತು. 1996ರಲ್ಲಿ ಇಂಟೆಗ್ರಾ ಎಂಬ ಹೆಸರಿನಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿತು.

ಸ್ವಾರಸ್ಯವೆಲ್ಲ ಆ ಸ್ಪಂಜಿನಲ್ಲಿದೆ. ಅದರ ರಂಧ್ರಗಳು 20ರಿಂದ 120 ಮೈಕ್ರಾನ್ ಅಗಲ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ರಂಧ್ರ ತೀರಾ ಕಿರಿದಾದರೆ ಜೀವಕೋಶಗಳು ಒಳಹೋಗಲಾರವು, ತೀರಾ ಅಗಲವಾದರೆ ಅಂಟಿ ನಿಲ್ಲಲು ಅವಕ್ಕೆ ಆಸರೆ ಸಾಲದು. ಸರಿಯಾಗಿದ್ದರೆ ರೋಗಿಯದೇ ಜೀವಕೋಶ, ರಕ್ತನಾಳಗಳು ಒಳಗೆ ಹಬ್ಬಿ ಹೊಸ ಕೊಲಾಜನ್ ಹೆಣೆಯುತ್ತವೆ. ಇತ್ತ ದನದ ಕೊಲಾಜನ್ ಕರಗುತ್ತ ಹೋಗುತ್ತದೆ. ತಾರಸಿಗೆ ಹೊಡೆದ ಸೆಂಟ್ರಿಂಗ್ ನೋಡಿದ್ದೀರಲ್ಲ, ಕಾಂಕ್ರೀಟ್ ಬಲಿಯುವ ಮುಂಚೆ ಬಿಚ್ಚಿದರೆ ಎಲ್ಲ ಕುಸಿಯುತ್ತದೆ. ಈ ಸ್ಪಂಜೂ ಬೇಗ ಕರಗಬಾರದು. ಶಾರ್ಕಿನ ಅಂಶ ಬೆರೆಸಿದ್ದಕ್ಕೆ ಇದೂ ಒಂದು ಕಾರಣ, ಅದು ಕರಗುವಿಕೆಯನ್ನು ನಿಧಾನಿಸುತ್ತದೆ. ಹಾಗೆಂದು ಬಹುಕಾಲ ಉಳಿದರೂ ಸುತ್ತ ಕಲೆಯೇ ಕಟ್ಟುತ್ತದೆ. ನನ್ನನ್ನು ಕೇಳಿದರೆ, ಇಡೀ ಜಾಣ್ಮೆ ಇರುವುದು ಈ ಅವಧಿಯನ್ನು ಹೊಂದಿಸುವುದರಲ್ಲಿ.

ಎರಡು ಮೂರು ವಾರಗಳಾದ ಮೇಲೆ ಸಿಲಿಕೋನನ್ನು ಸುಲಿದು ತೆಗೆದು, ರೋಗಿಯದೇ ಚರ್ಮದ ತೀರಾ ತೆಳು ಪೊರೆಯನ್ನು ಹೊದಿಸುತ್ತಾರೆ. ಪೊರೆ ಅಷ್ಟು ತೆಳುವಾದ್ದರಿಂದ ಅದನ್ನು ತೆಗೆದ ಜಾಗ ಬೇಗ ಮಾಯುತ್ತದೆ, ಅಲ್ಲಿಂದಲೇ ಮತ್ತೊಮ್ಮೆ ತೆಗೆಯಬಹುದು.

ಇಷ್ಟಾದರೂ ಇದು ಪೂರ್ಣ ಚರ್ಮವಲ್ಲ. ಇದರಲ್ಲಿ ಕೂದಲು ಹುಟ್ಟುವುದಿಲ್ಲ, ಬೆವರಿನ ಗ್ರಂಥಿಗಳೂ ಬೆಳೆಯುವುದಿಲ್ಲ. ಮೈಯ ಬಹುಭಾಗ ಹೀಗೆ ದುರಸ್ತಿಯಾದವರಿಗೆ ಬೆವರಿ ತಣಿಯುವ ದಾರಿ ಕಡಿಮೆ, ಬೇಸಿಗೆಯಲ್ಲಿ ಅವರು ಎಚ್ಚರದಿಂದಿರಬೇಕು.