‘ಕರ್ವಾಲೊ’ ಓದುವ ಮನೆಯಲ್ಲಿ ಒಂದು ಹಾರುವ ಓತಿ

ಏಳನೇ ಕ್ಲಾಸು ಮುಗಿಸಿ ಬೇಸಿಗೆ ರಜೆಯಲ್ಲಿದ್ದ ಮಗಳ ಕೈಗೆ ‘ಕರ್ವಾಲೊ’ ಕಾದಂಬರಿ ಕೊಟ್ಟಿದ್ದೆ. ಎರಡು ದಿನ ಖುಷಿಯಿಂದ ಓದಿದಳು. ಮೂರನೆಯ ದಿನ ನಾನು ಪಕ್ಕದಲ್ಲಿ ಕೂತು ಪ್ರಶ್ನೆ ಕೇಳತೊಡಗಿದೆ. ಮಂದಣ್ಣ ಯಾರು? ಅವನ ಸ್ವಭಾವ ಎಂಥದ್ದು? ಇಲ್ಲಿಯವರೆಗಿನ ಕತೆ ಚಿಕ್ಕದಾಗಿ ಹೇಳು ನೋಡೋಣ. ಎಲ್ಲಕ್ಕೂ ಉತ್ತರ ಹೇಳಿದಳು, ಪುಸ್ತಕ ಮುಚ್ಚಿಟ್ಟಳು, ನಾಲ್ಕು ದಿನ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೊಂದು ರಾತ್ರಿ ಅಡುಗೆಮನೆಯ ಟ್ಯೂಬ್‌ಲೈಟಿನ ಪಕ್ಕ ಹಲ್ಲಿಯೊಂದು ಹಾತೆಗೆ ಹೊಂಚು ಹಾಕಿ ಕೂತಿತ್ತು. ಒಂದು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ಮೈ ಕಲ್ಲಿನ ಹಾಗೆ, ಬಾಲದ ತುದಿ ಮಾತ್ರ ಅತ್ತಿತ್ತ ಆಡುತ್ತದೆ. ಮಗಳು ತಟ್ಟೆ ಹಿಡಿದುಕೊಂಡೇ ನಿಂತು ನೋಡಿದಳು. ಅನ್ನ ಆರಿಹೋಯಿತು. “ಅಮ್ಮಾ, ಮಂದಣ್ಣ ಹೀಗೇ ಅಲ್ವಾ ನೋಡೋದು?” ಅಂದವಳು ಕೈ ತೊಳೆದು ತಾನೇ ಹೋಗಿ ಪುಸ್ತಕ ತಂದಳು.

ಕಾದಂಬರಿಯನ್ನು ಮನೆಯಲ್ಲಿ ಮಕ್ಕಳಿಗೆ ಓದಿಸುವುದು ಹೇಗೆ ಎಂದು ನನಗೆ ಗೊತ್ತಾದದ್ದು ಆ ಹಲ್ಲಿಯಿಂದ. ನಾವು ಮಾಡಿಸುವ ಯಾವುದೇ ಚಟುವಟಿಕೆ ಮಗುವನ್ನು ಏನನ್ನಾದರೂ ಕಣ್ಣಿಟ್ಟು ನೋಡುವಂತೆ ಮಾಡಬೇಕು, ನೋಡಿದ ಮೇಲೆ ಪುಸ್ತಕಕ್ಕೆ ವಾಪಸ್ಸು ಕಳಿಸಬೇಕು. ಬಣ್ಣ ಹಚ್ಚಿ ಗೋಡೆಗೆ ಅಂಟಿಸಿ ಮರೆತುಬಿಡುವ ಕೆಲಸದಿಂದ ಕಾದಂಬರಿಗೆ ಏನೂ ಆಗುವುದಿಲ್ಲ.

ಪೂರ್ಣಚಂದ್ರ ತೇಜಸ್ವಿಯವರ ಈ ಕಾದಂಬರಿ ಬಂದದ್ದು 1980ರಲ್ಲಿ. ಮೂಡಿಗೆರೆಯ ಸುತ್ತಿನ ಕಾಡು, ಕೃಷಿಯ ತಾಪತ್ರಯದಲ್ಲಿರುವ ನಿರೂಪಕ, ಕರ್ವಾಲೊ ಎಂಬ ವಿಜ್ಞಾನಿ, ಓದು ತಲೆಗೆ ಹತ್ತದಿದ್ದರೂ ಕಾಡನ್ನೇ ಕಣ್ಣಲ್ಲಿ ಇಟ್ಟುಕೊಂಡಿರುವ ಮಂದಣ್ಣ, ಇವರೆಲ್ಲ ಸೇರಿ ಹುಡುಕಿ ಹೊರಡುವ ಒಂದು ಹಾರುವ ಓತಿ. ಹನ್ನೊಂದರಿಂದ ಹದಿನಾಲ್ಕರ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಕಾದಂಬರಿ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಐದು ವಾರ ಹಿಡಿಯಿತು. ನೀವು ಎರಡು ತಿಂಗಳು ಬೇಕಾದರೂ ತೆಗೆದುಕೊಳ್ಳಿ.

ಹಂತ 1: ಮೊದಲು ನೀವು ಓದಿ

ಹಿಂದೆ ಯಾವಾಗಲೋ ಓದಿದ್ದರೂ ಮತ್ತೊಮ್ಮೆ ಓದಿ. ಕತೆಯಲ್ಲಿ ಕಳ್ಳಭಟ್ಟಿ, ಪೊಲೀಸು, ಕೋರ್ಟು ಎಲ್ಲ ಬರುತ್ತವೆ. ಮಗು ಅದರ ಬಗ್ಗೆ ಕೇಳಿದಾಗ ಮುಜುಗರಪಡದೆ ಮಾತಾಡುವುದಕ್ಕೆ ನೀವು ತಯಾರಿರಬೇಕು. ಎಲ್ಲಿ ಓದು ನಿಲ್ಲಿಸಿದರೆ ಮಗುವಿಗೆ ಮುಂದಿನದರ ಕುತೂಹಲ ಉಳಿಯುತ್ತದೆ ಎನ್ನುವುದನ್ನು ಪೆನ್ಸಿಲಿನಲ್ಲಿ ಸಣ್ಣ ಚುಕ್ಕಿ ಇಟ್ಟು ಗುರುತು ಮಾಡಿಕೊಳ್ಳಿ. ಅಧ್ಯಾಯ ಮುಗಿಯುವ ಜಾಗಕ್ಕಿಂತ ಸಾಮಾನ್ಯವಾಗಿ ಅದರ ನಡುವೆಯೇ ಎಲ್ಲೋ ಅಂಥ ಜಾಗ ಸಿಗುತ್ತದೆ.

ಹಂತ 2: ದಿನಕ್ಕೆ ಹದಿನೈದು ನಿಮಿಷ, ಗಟ್ಟಿಯಾಗಿ

ಮೊದಲ ವಾರ ನೀವೇ ಓದಿ ಹೇಳಿ. ಮೂಡಿಗೆರೆಯ ಜೇನು ಸೊಸೈಟಿಯಿಂದ ಶುರುವಾಗುವ ಆ ಮೊದಲ ಪುಟಗಳ ಮಾತುಕತೆ ಕಿವಿಯಲ್ಲಿ ಕೇಳಿದರೇ ಚೆಂದ. ಎರಡನೆಯ ವಾರದಿಂದ ಒಂದು ಪುಟ ನೀವು, ಒಂದು ಪುಟ ಮಗು. ಮಗು ತಡವರಿಸಿದರೆ ತಿದ್ದಲು ಹೋಗಬೇಡಿ, ಅದೇ ಶಬ್ದವನ್ನು ನಿಮ್ಮ ಮುಂದಿನ ಸರದಿಯಲ್ಲಿ ಸರಿಯಾಗಿ ಉಚ್ಚರಿಸಿದರೆ ಸಾಕು.

ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ. ನಮ್ಮತ್ತೆ ಮಲೆನಾಡಿನವರು. ಹೆಜ್ಜೇನು ಎಬ್ಬಿಸಿ ಊರಿಗೆ ಊರೇ ಓಡಿದ ಕತೆ ಅವರ ಬಾಯಿಂದ ಬಂದದ್ದು ಇದೇ ಹದಿನೈದು ನಿಮಿಷದಲ್ಲಿ. ಹೊರದೇಶದಲ್ಲಿದ್ದು, ಕನ್ನಡ ಮಾತಾಡುತ್ತಾರೆ ಆದರೆ ಓದಲು ಬರುವುದಿಲ್ಲ ಎನ್ನುವ ಮಕ್ಕಳಿಗಂತೂ ಗಟ್ಟಿ ಓದೇ ದಾರಿ. ಇಂಗ್ಲಿಷ್ ಅನುವಾದ ಇದೆ, ನಿಜ. ಆದರೂ ಮೊದಲು ಕನ್ನಡ ಕಿವಿಗೆ ಬೀಳಲಿ.

ಹಂತ 3: ‘ಇವನಿಗೆ ಏನು ಗೊತ್ತು?’ ಎಂಬ ಹಾಳೆ

ಹಳೆ ಕ್ಯಾಲೆಂಡರಿನ ಹಿಂಬದಿ ಖಾಲಿ ಇರುತ್ತದಲ್ಲ, ಅದನ್ನು ತೆಗೆದುಕೊಳ್ಳಿ. ಒಬ್ಬೊಬ್ಬ ಪಾತ್ರಕ್ಕೆ ಒಂದೊಂದು ಹಾಳೆ: ಕರ್ವಾಲೊ, ಮಂದಣ್ಣ, ಬಿರಿಯಾನಿ ಕರಿಯಪ್ಪ, ಪ್ಯಾರ, ಪ್ರಭಾಕರ, ಎಂಗ್ಟ. ‘ಕಿವಿ’ ಎಂಬ ನಾಯಿಗೂ ಒಂದು ಹಾಳೆ ಇರಲಿ, ಮಕ್ಕಳು ಅದನ್ನು ಬಿಡುವುದಿಲ್ಲ.

ಸ್ವಭಾವ, ರೂಪ ಎಂದೆಲ್ಲ ಬರೆಸಬೇಡಿ. ಪ್ರತಿ ಹಾಳೆಯ ಮೇಲೂ ಒಂದೇ ಪ್ರಶ್ನೆ: ಇವನಿಗೆ ಬೇರೆ ಯಾರಿಗೂ ಗೊತ್ತಿಲ್ಲದ ಯಾವ ವಿಷಯ ಗೊತ್ತು? ಓದುತ್ತ ಹೋದಂತೆ ಮಗು ಒಂದೊಂದೇ ಸಾಲು ಸೇರಿಸುತ್ತದೆ, ಜೊತೆಗೆ ಪುಟದ ಸಂಖ್ಯೆ ಹಾಕುತ್ತದೆ. ಪುಟಸಂಖ್ಯೆ ಇಲ್ಲದ ಸಾಲಿಗೆ ಜಾಗವಿಲ್ಲ. ಈ ಒಂದು ನಿಯಮದಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ.

ಮೂರು ವಾರ ಕಳೆಯುವಷ್ಟರಲ್ಲಿ ನಮ್ಮ ಮನೆಯ ಗೋಡೆಯ ಮೇಲೆ ಎಲ್ಲಕ್ಕಿಂತ ಉದ್ದದ ಹಾಳೆ ಮಂದಣ್ಣನದಾಗಿತ್ತು. ಅಷ್ಟು ದೊಡ್ಡ ವಿಜ್ಞಾನಿ ಈ ಹುಡುಗನ ಬೆನ್ನು ಯಾಕೆ ಬಿಡುವುದಿಲ್ಲ ಎನ್ನುವುದನ್ನು ನಾನು ವಿವರಿಸಬೇಕಾಗಲೇ ಇಲ್ಲ, ಮಗಳು ಹಾಳೆಯ ಉದ್ದದಲ್ಲೇ ಕಂಡುಕೊಂಡಳು.

ಹಂತ 4: ಜೇನಿನ ಪುಸ್ತಕ

ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಕಾದಂಬರಿಯಲ್ಲಿ ಸಿಗುವ ಕಾಡಿನ, ಜೇನಿನ, ತೋಟದ ಶಬ್ದಗಳನ್ನು ಮಗು ಅದರಲ್ಲಿ ಬರೆಯಲಿ, ಪಕ್ಕದಲ್ಲಿ ಚಿತ್ರ ಬಿಡಿಸಲಿ. ಅರ್ಥ ಬರೆಯುವುದು ಬೇಡ, ಚಿತ್ರ ಸಾಕು.

ನಮ್ಮ ಕಾಡಿನ ಜೇನಿನಲ್ಲಿ ಮುಖ್ಯವಾಗಿ ನಾಲ್ಕು ಬಗೆ ಇವೆ ಎಂದು ಮಗುವಿಗೆ ಹೇಳಿಕೊಡಿ. ಹೆಜ್ಜೇನು ಎತ್ತರದ ಮರಕ್ಕೋ ಬಂಡೆಗೋ ದೊಡ್ಡ ಕಟ್ಟಡದ ಸಜ್ಜಕ್ಕೋ ಒಂದೇ ಒಂದು ದೊಡ್ಡ ಹುಟ್ಟು ಕಟ್ಟುತ್ತದೆ. ಕೋಲುಜೇನಿನದೂ ಒಂದೇ ಹುಟ್ಟು, ಆದರೆ ಚಿಕ್ಕದು, ಸಣ್ಣ ಕೊಂಬೆಯ ಸುತ್ತ. ತುಡುವೆ ಮರದ ಪೊಟರೆಯಂಥ ಕತ್ತಲೆ ಜಾಗದಲ್ಲಿ ಪಕ್ಕಪಕ್ಕ ಹಲವು ಹುಟ್ಟು ಕಟ್ಟುತ್ತದೆ. ಮುಜಂಟಿಗೆ ಕುಟುಕುವ ಮುಳ್ಳೇ ಇಲ್ಲ, ಗೋಡೆಯ ಸಂದಿಯಲ್ಲಿ ಅಂಟಿನ ಕೊಳವೆಯಂಥ ಬಾಗಿಲು ಮಾಡಿಕೊಂಡು ಇರುತ್ತದೆ.

ಇಷ್ಟು ಹೇಳಿ ಒಂದು ಪ್ರಶ್ನೆ ಕೇಳಿ: ಪೆಟ್ಟಿಗೆಯಲ್ಲಿ ಸಾಕುವುದಕ್ಕೆ ತುಡುವೆಯನ್ನೇ ಯಾಕೆ ಆರಿಸಿಕೊಂಡರು? ಕತ್ತಲೆ ಜಾಗ, ಸಾಲು ಸಾಲು ಹುಟ್ಟು. ಪೆಟ್ಟಿಗೆಯೆಂದರೆ ಅದಕ್ಕೆ ಇನ್ನೊಂದು ಪೊಟರೆ ಅಷ್ಟೇ. ಬಯಲಲ್ಲಿ ಒಂಟಿ ಹುಟ್ಟು ಕಟ್ಟುವ ಹೆಜ್ಜೇನನ್ನು ಪೆಟ್ಟಿಗೆಯೊಳಗೆ ಕೂರಿಸಲು ಆಗುವುದಿಲ್ಲ. ಮಗು ಇದನ್ನು ತಾನೇ ಯೋಚಿಸಿ ಹೇಳಿದ ಮೇಲೆ ಕಾದಂಬರಿಯ ಜೇನಿನ ಭಾಗಗಳನ್ನು ಮತ್ತೆ ಓದಿಸಿ. ಆಗ ಓದುವ ರೀತಿಯೇ ಬೇರೆಯಾಗಿರುತ್ತದೆ.

ಹಂತ 5: ಏಳು ದಿನ ಒಂದೇ ಜೀವಿ

ಇದಕ್ಕೆ ಕಾಡು ಬೇಕಿಲ್ಲ. ಬೆಂಗಳೂರಿನ ಎರಡನೇ ಮಹಡಿಯ ಮನೆಯಾದರೂ ಇರುವೆ ಸಾಲು, ಜೇಡ, ಪಾರಿವಾಳ, ಹಲ್ಲಿ ಇದ್ದೇ ಇರುತ್ತವೆ. ಒಂದನ್ನು ಆರಿಸಿಕೊಂಡು ಏಳು ದಿನ, ದಿನಕ್ಕೆ ಹತ್ತು ನಿಮಿಷ, ಅದೇ ಹೊತ್ತಿಗೆ ನೋಡಬೇಕು, ಕಂಡದ್ದನ್ನು ಬರೆಯಬೇಕು. ‘ಹಲ್ಲಿಗೆ ಹಸಿವಾಗಿತ್ತು’ ಎಂದು ಬರೆದರೆ, ಅದು ನಿನಗೆ ಹೇಗೆ ಗೊತ್ತಾಯಿತು ಎಂದು ಮೆತ್ತಗೆ ಕೇಳಿ. ‘ಹಲ್ಲಿ ಮೂರು ಸಲ ಹಾತೆಯ ಹತ್ತಿರ ಹೋಯಿತು’ ಎನ್ನುವುದು ಕಂಡದ್ದು. ಮೊದಲಿನದು ಊಹೆ. ಎರಡೂ ಬೇಕು, ಆದರೆ ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ.

ಮೂರನೆಯ ದಿನ ಬೇಜಾರು ಬರುತ್ತದೆ. ಬರಲಿ, ನೋಡುವುದನ್ನು ಬಿಡಿಸಬೇಡಿ. ಐದನೆಯ ದಿನದ ಹೊತ್ತಿಗೆ ಮಗುವಿಗೆ ಮೊದಲು ಕಾಣದ್ದು ಕಾಣತೊಡಗುತ್ತದೆ. ನಮ್ಮ ಹಲ್ಲಿ ದಿನಾ ಒಂದೇ ಸಂದಿಯಿಂದ ಬರುತ್ತದೆ ಎನ್ನುವುದು ಮಗಳಿಗೆ ಗೊತ್ತಾದದ್ದು ಐದನೆಯ ದಿನವೇ.

ಹಂತ 6: ಓತಿಯನ್ನು ಮಾಡಿ ಹಾರಿಸಿ

ಇದಕ್ಕೊಂದು ಇಡೀ ಭಾನುವಾರ ಎತ್ತಿಡಿ. ಹಾರುವ ಓತಿ ಕಟ್ಟುಕತೆಯಲ್ಲ. ಪಶ್ಚಿಮ ಘಟ್ಟದ ಕಾಡು, ಅಡಿಕೆ ತೋಟಗಳಲ್ಲಿ ಅದು ಇವತ್ತಿಗೂ ಇದೆ. ಬಾಲವೂ ಸೇರಿ ಸುಮಾರು 20 ಸೆಂಟಿಮೀಟರ್ ಉದ್ದ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಪಕ್ಕೆಲುಬುಗಳು ಮೈಯಿಂದ ಹೊರಕ್ಕೆ ಚಾಚಿಕೊಳ್ಳುತ್ತವೆ, ಅವುಗಳ ನಡುವೆ ಚರ್ಮ ಬಿಗಿದುಕೊಳ್ಳುತ್ತದೆ, ಕೊಡೆಯ ಕಡ್ಡಿ ಬಿಚ್ಚಿದ ಹಾಗೆ. ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ, ಮರದಿಂದ ಮರಕ್ಕೆ ತೇಲುತ್ತದೆ. ಮರದ ಮೇಲಿನ ಇರುವೆಗಳೇ ಅದರ ಮುಖ್ಯ ಊಟ. ಹೆಣ್ಣು ಮೊಟ್ಟೆಯಿಡಲು ನೆಲಕ್ಕೆ ಇಳಿಯುತ್ತದೆ.

ಈಗ ಮಾಡುವ ಕೆಲಸ. ಕಡ್ಡಿ ಪೊರಕೆಯಿಂದ 20 ಸೆಂಟಿಮೀಟರಿನ ಒಂದು ತೆಂಗಿನ ಕಡ್ಡಿ ತೆಗೆಯಿರಿ. ಅದರ ದಪ್ಪ ತುದಿ ತಲೆ, ತೆಳು ತುದಿ ಬಾಲ. ತಲೆಯಿಂದ ಎರಡು ಬೆರಳು ಬಿಟ್ಟು, ಹತ್ತು ಸೆಂಟಿಮೀಟರಿನ ಐದು ತೆಳ್ಳನೆಯ ಕಡ್ಡಿಗಳನ್ನು ಒಂದು ಸೆಂಟಿಮೀಟರಿಗೊಂದರಂತೆ ಅಡ್ಡಲಾಗಿ ಅಂಟಿಸಿ. ಇವೇ ಪಕ್ಕೆಲುಬು. ಗೋಂದು ಒಣಗಿದ ಮೇಲೆ ಮೇಲಿಂದ ನ್ಯೂಸ್ ಪೇಪರಿನ ತುಂಡು ಅಂಟಿಸಿ, ಅಂಚನ್ನು ದುಂಡಗೆ ಕತ್ತರಿಸಿ. ತಲೆಯ ತುದಿಗೆ ಕಡಲೆಕಾಳಿನಷ್ಟು ಗೋಧಿ ಹಿಟ್ಟಿನ ಉಂಡೆ ಮೆತ್ತಿ.

ಕುರ್ಚಿಯ ಮೇಲೆ ನಿಂತು, ತಲೆ ಕೊಂಚ ಕೆಳಮುಖವಾಗಿ ಹಿಡಿದು, ಎಸೆಯದೆ ಮೆಲ್ಲಗೆ ಮುಂದಕ್ಕೆ ಬಿಡಿ. ಮೊದಲ ಸಲ ಖಂಡಿತ ಪಲ್ಟಿ ಹೊಡೆಯುತ್ತದೆ. ಮೂಗು ಮೇಲೆತ್ತಿ ನಿಂತು ಬಿದ್ದರೆ ಹಿಟ್ಟು ಹೆಚ್ಚಿಸಿ. ನೇರ ನೆಲಕ್ಕೆ ಕುಕ್ಕಿದರೆ ಹಿಟ್ಟು ಕಮ್ಮಿ ಮಾಡಿ, ಇಲ್ಲವೇ ರೆಕ್ಕೆಯ ಹಿಂದಿನ ಅಂಚಿನ ಕಾಗದವನ್ನು ತುಸು ಮೇಲಕ್ಕೆ ಬಾಗಿಸಿ. ನಮ್ಮದು ಒಂಬತ್ತನೆಯ ಸಲಕ್ಕೆ ತೇಲಿತು. ಹಾಲಿನ ಆ ತುದಿಯ ಸೋಫಾದವರೆಗೆ ಹೋದದ್ದನ್ನು ನೋಡಿ ಮಗಳು ಒಂದು ಕ್ಷಣ ಮಾತೇ ಆಡಲಿಲ್ಲ.

ಬಿಟ್ಟ ಎತ್ತರ ಎಷ್ಟು, ಮುಂದಕ್ಕೆ ಹೋದದ್ದು ಎಷ್ಟು ಎಂದು ಟೇಪು ಹಿಡಿದು ಅಳೆದು ಬರೆದಿಡಿ. ಆಮೇಲೆ ರೆಕ್ಕೆಯಿಲ್ಲದ ಬರೀ ಕಡ್ಡಿಯನ್ನೂ ಅದೇ ಎತ್ತರದಿಂದ ಬಿಟ್ಟು ಅಳೆಯಿರಿ. ಅಂಥ ಜೀವಿಯೊಂದು ಕಾಡಿನಲ್ಲಿ ಕಣ್ಣಿಗೆ ಬಿದ್ದು ಕ್ಷಣದಲ್ಲಿ ಮಾಯವಾದರೆ ಕಂಡವನಿಗೆ ಏನನ್ನಿಸಿರಬಹುದು, ಕೇಳಿದವರು ಯಾಕೆ ನಂಬಲಿಕ್ಕಿಲ್ಲ ಎನ್ನುವ ಮಾತು ತಾನಾಗಿಯೇ ಬರುತ್ತದೆ. ಅಮೆರಿಕದಲ್ಲಿರುವ ಮಕ್ಕಳು ತಮ್ಮ ಕಾಡಿನ ಹಾರುವ ಅಳಿಲನ್ನೂ ಮಾಡಿ ಹೋಲಿಸಬಹುದು. ಅದೂ ಹೀಗೆಯೇ ತೇಲುತ್ತದೆ, ಆದರೆ ಅದರ ಚರ್ಮ ಬಿಗಿದಿರುವುದು ಮುಂಗಾಲಿಗೂ ಹಿಂಗಾಲಿಗೂ ನಡುವೆ.

ಹಂತ 7: ನಾಲ್ಕೂವರೆ ಮೀಟರಿನ ದಾರ

ಕರ್ವಾಲೊ ಕಾಲದ ಬಗ್ಗೆ, ಜೀವವಿಕಾಸದ ಬಗ್ಗೆ ಮಾತಾಡುವಾಗ ಮಕ್ಕಳು ತಲೆಯಾಡಿಸುತ್ತಾರೆ, ಆದರೆ ಕೋಟಿ ವರ್ಷ ಎಂದರೆ ಏನೆಂದು ಅವರಿಗೆ ಕಾಣುವುದಿಲ್ಲ. ನಮಗೂ ಕಾಣುವುದಿಲ್ಲ. ಹಾಗಾಗಿ ದಾರ ತನ್ನಿ.

ಒಂದು ಸೆಂಟಿಮೀಟರಿಗೆ ಒಂದು ಕೋಟಿ ವರ್ಷ. ಭೂಮಿಗೆ ಸುಮಾರು 454 ಕೋಟಿ ವರ್ಷ, ಅಂದರೆ ನಾಲ್ಕೂವರೆ ಮೀಟರ್ ದಾರ. ಹಾಲಿನ ಗೋಡೆಗೆ ಉದ್ದಕ್ಕೆ ಕಟ್ಟಿ. ಬಲಗಡೆಯ ತುದಿ ಇವತ್ತು. ಅಲ್ಲಿಂದ ಹಿಂದಕ್ಕೆ ಸುಮಾರು ಮೂರೂವರೆ ಮೀಟರ್ ಅಳೆದು ಒಂದು ಬಟ್ಟೆ ಕ್ಲಿಪ್ ಹಾಕಿ: ಮೊದಲ ಜೀವಕಣಗಳು. ತುದಿಯಿಂದ ಅರ್ಧ ಮೀಟರಿನ ಹತ್ತಿರ: ಮೊದಲ ಮೀನುಗಳು. 31 ಸೆಂಟಿಮೀಟರಿನ ಹತ್ತಿರ: ಮೊದಲ ಸರೀಸೃಪಗಳು, ನಮ್ಮ ಓತಿಯ ಮುತ್ತಜ್ಜಂದಿರು. 23ರ ಸುಮಾರಿಗೆ ಡೈನೋಸಾರ್ ಬಂತು, 6.6ಕ್ಕೆ ಅಳಿಯಿತು.

ಕೊನೆಗೆ ಕೇಳಿ: ಮನುಷ್ಯನಿಗೆ ಕ್ಲಿಪ್ ಎಲ್ಲಿ ಹಾಕೋಣ? ನಮ್ಮ ಜಾತಿಗೆ ಸುಮಾರು ಮೂರು ಲಕ್ಷ ವರ್ಷ. ಈ ದಾರದ ಮೇಲೆ ಅದು ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗವೂ ಆಗುವುದಿಲ್ಲ. ಕ್ಲಿಪ್ಪಿಗೆ ಜಾಗವೇ ಸಿಗುವುದಿಲ್ಲ. ಮಗಳು ಚೂಪು ಮಾಡಿದ ಪೆನ್ಸಿಲಿನಿಂದ ದಾರದ ತುದಿ ಮುಟ್ಟಿದಳು, ಆ ಗುರುತೂ ದಪ್ಪವಾಯಿತೆಂದು ಒರೆಸಿದಳು. ಆ ರಾತ್ರಿ ಕರ್ವಾಲೊ ಮಾತಾಡುವ ಪುಟಗಳನ್ನು ಎರಡು ಸಲ ಓದಿಸಿಕೊಂಡಳು.

ಹಂತ 8: ಮಂದಣ್ಣನ ಕುರ್ಚಿ

ಇದು ಊಟವಾದ ಮೇಲಿನ ಆಟ. ಒಂದು ಕುರ್ಚಿಯಲ್ಲಿ ಮಗು ಮಂದಣ್ಣನಾಗಿಯೋ ಪ್ಯಾರನಾಗಿಯೋ ಕೂರುತ್ತದೆ, ಮನೆಯವರು ಪ್ರಶ್ನೆ ಕೇಳುತ್ತಾರೆ. ಉತ್ತರಕ್ಕೆ ಪುಸ್ತಕದಲ್ಲಿ ಎಲ್ಲೋ ಒಂದು ಆಧಾರ ಇರಬೇಕು, ಅಷ್ಟೇ. ಆಮೇಲೆ ಅಪ್ಪನೋ ಅಮ್ಮನೋ ಕರ್ವಾಲೊ ಆಗಿ ಕೂರಲಿ, ಮಗು ಕೇಳಲಿ. ಮಕ್ಕಳು ಕೇಳುವ ಪ್ರಶ್ನೆಗಳಿಗೆ ನಾವು ತಯಾರಿರುವುದಿಲ್ಲ. “ಸಾರ್, ಮಂದಣ್ಣ ಓತಿಯನ್ನು ನೋಡಿರದಿದ್ದರೆ ನೀವು ಅವನನ್ನು ಮಾತಾಡಿಸ್ತಿದ್ರಾ?” ಎಂದು ಮಗಳು ಅವರಪ್ಪನನ್ನು ಕೇಳಿದಳು. ಇಪ್ಪತ್ತು ನಿಮಿಷ ಮೂವರೂ ಪುಟ ತಿರುವಿದೆವು.

ಹಂತ 9: ಕೊನೆಯ ಪುಟಗಳಿಗೆ ಮೊದಲು

ಹುಡುಕಾಟದ ತಂಡ ಕಾಡಿನಲ್ಲಿ ಓತಿಗೆ ತೀರ ಹತ್ತಿರವಾಗುವ ಹೊತ್ತಿಗೆ ಪುಸ್ತಕ ಮುಚ್ಚಿ. ಮುಂದೇನಾಗುತ್ತದೆ ಎಂದು ಮಗು ಒಂದು ಪುಟ ಬರೆಯಲಿ. ಕಾಗುಣಿತ ನೋಡಬೇಡಿ, ನೀವು ಓದಲೂ ಬೇಡಿ. ಬರೆದದ್ದನ್ನು ನಾಲ್ಕು ಮಡಿಕೆ ಮಾಡಿ ಅದೇ ಪುಟದ ನಡುವೆ ಇಡಿಸಿ. ಮರುದಿನ ಉಳಿದ ಪುಟಗಳನ್ನು ಒಂದೇ ಸಲ ಕೂತು ಓದಿ, ಸಾಧ್ಯವಾದರೆ ಮನೆಯ ಹೊರಗೆ, ಟೆರೇಸಿನಲ್ಲೋ ಮರದ ಕೆಳಗೋ. ಕೊನೆ ಏನೆಂದು ಇಲ್ಲಿ ಹೇಳಿ ನಿಮ್ಮ ಮಗುವಿನ ಆ ಗಳಿಗೆಯನ್ನು ಕಿತ್ತುಕೊಳ್ಳುವುದಿಲ್ಲ.

ಓದಿ ಮುಗಿದ ಕೂಡಲೇ ಹೇಗಿತ್ತು, ಏನು ಅರ್ಥವಾಯಿತು ಎಂದು ಕೇಳಬೇಡಿ. ಒಂದು ದಿನ ಪೂರ್ತಿ ಸುಮ್ಮನಿರಿ. ನನ್ನ ಮಗಳು ಅವತ್ತು ಸಂಜೆ ಟೆರೇಸಿಗೆ ಹೋಗಿ ತನ್ನ ಪೇಪರ್ ಓತಿಯನ್ನು ಹಾರಿಸಿದಳು. ಗಾಳಿ ಇತ್ತು, ಪಕ್ಕದ ಸೈಟಿನ ತೆಂಗಿನ ಮರದಾಚೆ ಎಲ್ಲೋ ಹೋಯಿತು. ಹುಡುಕಿ ತರೋಣವೇ ಎಂದೆ. “ಬೇಡ ಅಮ್ಮ, ಹೋಗಲಿ” ಎಂದಳು.